ನೋಡದೆ ಹಾಕಿದ ಸಹಿ

ಅಕ್ಕಾರ ಬಲಗಣ್ಣಿನ ಸುತ್ತ ಉಂಗುರದಂಥ ಒಂದು ಗುರುತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಸರ್ಕ್ಯೂಟ್ ಬೋರ್ಡುಗಳ ಬೆಸುಗೆ ನೋಡಿದ್ದರ ಫಲ ಅದು. ಕಾರ್ಖಾನೆಯಿಂದ ಹೊರಗೆ ಬಂದ ಮೇಲೂ ಏನನ್ನಾದರೂ ಕೈಗೆತ್ತಿಕೊಂಡರೆ ಸಾಕು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕುಷಾಯಿಗೂಡದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟನ್ನು ಒಂದೇ ಕಣ್ಣಿನಲ್ಲಿ ತಿರುಗಿಸಿ ತಿರುಗಿಸಿ ನೋಡುವಾಗ ಮಾರುವವಳು, "ಕೊತ್ತಿಮೀರಮ್ಮಾ, ಬಂಗಾರಂ ಕಾದು" ಎಂದು, ಇದು ಕೊತ್ತಂಬರಿ, ಚಿನ್ನವಲ್ಲ ಎಂದು ತೆಲುಗಿನಲ್ಲಿ ರೇಗಿಸುತ್ತಿದ್ದಳು. ಅಕ್ಕಾರು ಒಂದು ಕೊಳೆತ ಎಲೆ ಕಿತ್ತು ಅವಳ ಕೈಗಿಟ್ಟು, ಉಳಿದದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ಧಾರವಾಡದ ಕಡೆಯವರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆಗೇ ಇದ್ದರು. ರಾಯಚೂರಿನಿಂದ ಬಂದು ಕಾರ್ಖಾನೆಯ ತಪಾಸಣೆ ವಿಭಾಗ ಸೇರಿದ ನನ್ನನ್ನು ಅವರ ಪಕ್ಕದ ಮೇಜಿಗೆ ಹಾಕಿದ್ದರು. ಉಳಿದವರಿಗೆಲ್ಲ ಅವರು ಮೇಡಂ. ನಾನು ಮಾತ್ರ ಮೊದಲ ದಿನವೇ "ಅಕ್ಕಾರ" ಎಂದುಬಿಟ್ಟೆ, ಅದೇ ಉಳಿಯಿತು. ನನಗೆ ಎರಡು ಮಕ್ಕಳಾದ ಮೇಲೂ ಅವರ ಬಾಯಲ್ಲಿ ನಾನು "ಹುಡುಗಿ"ಯೇ.

ನಮ್ಮಲ್ಲಿ ಪ್ರತಿ ಬೋರ್ಡಿಗೆ ಒಂದು ಹಾಳೆ ಇರುತ್ತಿತ್ತು. ಕೊನೆಯಲ್ಲಿ ಎರಡು ಖಾನೆ: ನೋಡಿದವರು, ಮರು ನೋಡಿದವರು. ಮೊದಲನೆಯದು ನನ್ನದು, ಎರಡನೆಯದು ಅಕ್ಕಾರದ್ದು. ಸೇರಿದ ಮೂರನೆಯ ತಿಂಗಳಲ್ಲಿ, ಊರಿಗೆ ಹೋಗುವ ಬಸ್ಸು ತಪ್ಪುತ್ತದೆಂದು ಒಂದು ಟ್ರೇ ಬೋರ್ಡುಗಳನ್ನು ನೋಡದೆಯೇ ಎಲ್ಲ ಹಾಳೆಗಳಿಗೂ ಸಹಿ ಹಾಕಿ ಓಡಿದ್ದೆ. ಸೋಮವಾರ ಬಂದರೆ ಟ್ರೇ ನನ್ನ ಮೇಜಿನ ಮೇಲೇ ಇತ್ತು. ಅಕ್ಕಾರು ಭೂತಗನ್ನಡಿ ಮುಂದೆ ಸರಿಸಿದರು. ಊಟದ ಹೊತ್ತಿನವರೆಗೂ ನೋಡಿದೆ. ಎರಡು ಬೋರ್ಡುಗಳಲ್ಲಿ ಬೆಸುಗೆ ಬಿಟ್ಟಿತ್ತು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

"ಸಾಹೇಬರಿಗೆ ಹೇಳೀರೇನ್ರಿ ಅಕ್ಕಾರ?" ಎಂದೆ.

"ಯಾಕ ಹೇಳಲಿ? ಇನ್ನs ನಾ ಸಹಿ ಹಾಕಿಲ್ಲಲ್ಲ," ಎಂದರು. ಆಮೇಲೆ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕಡೆ ನೂಕಿದರು. "ಸಹಿ ಅಂದ್ರ ನಿನ್ನ ಕಣ್ಣು, ಹುಡುಗಿ. ನಿನ್ನ ಕಣ್ಣು ನಂಬಿ ಇನ್ನೊಬ್ರು ಮುಂದ ಹೋಗತಾರ. ನೋಡದ ಹಾಕಬ್ಯಾಡ."

ಆ ಮಾತು ಇಷ್ಟು ಚೆನ್ನಾಗಿ ನೆನಪಿದೆಯಲ್ಲ, ನನಗೆ ನಾಚಿಕೆ ತರುವುದು ಅದೇ.

ಎಲ್‌ಟಿಸಿ ಎಂಬ ಪ್ರವಾಸ ಭತ್ಯೆ ಸಿಕ್ಕಾಗಲೆಲ್ಲ ಸಂಸಾರ ಸಮೇತ ಗುಂಪು ಕಟ್ಟಿಕೊಂಡು ಪ್ರವಾಸ ಹೋಗುವುದು ನಮ್ಮ ಕಾರ್ಖಾನೆಯವರ ರೂಢಿ. ಅಕ್ಕಾರೂ ತಮ್ಮನ ಮನೆಯವರ ಜೊತೆ ಕನ್ಯಾಕುಮಾರಿ, ರಾಮೇಶ್ವರ, ಗೋವಾ ಎಲ್ಲ ಮುಗಿಸಿದ್ದರು. ನಿವೃತ್ತಿಯ ವಾರ ನಾನು, "ಮೂರು ಮೂರು ಸಮುದ್ರ ನೋಡೀರಿ, ಪುಣ್ಯಾ ಮಾಡೀರಿ" ಎಂದು ಛೇಡಿಸಿದರೆ ಅಕ್ಕಾರು ನಗಲಿಲ್ಲ.

"ಎಲ್ಲಿ ನೋಡೀನಿ? ಅವರೆಲ್ಲಾ ನೀರಿಗಿಳಿತಾರ. ನಾ ಸಮುದ್ರಕ್ಕ ಬೆನ್ನು ಮಾಡಿ ಚಪ್ಲಿ, ಚೀಲಾ ಕಾಯತೀನಿ. ಒಮ್ಮೆರ ನನ್ನ ಚಪ್ಲಿ ಅಷ್ಟs ಇರಬೇಕು ನೋಡು, ಅಂಥಾ ದಂಡಿಮ್ಯಾಲ ಕುಂದರಬೇಕು."

ಹೀಗೆ ಶುರುವಾಯಿತು ಅಂಡಮಾನಿನ ಕನಸು. ಹಳೆ ಪುಸ್ತಕಗಳ ಪೇಟೆಯಾದ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪ್ರವಾಸಿ ಪತ್ರಿಕೆಗಳನ್ನು ಆರಿಸಿ ತಂದರು. ರಿಸಾರ್ಟುಗಳ ಬಣ್ಣಬಣ್ಣದ ಚಿತ್ರಗಳ ಮೇಲೆ ಭೂತಗನ್ನಡಿ ಇಟ್ಟು ಕೂತರು. ತೆಂಗಿನ ಮರದ ಹಿಂದೆ ಜನರೇಟರ್ ಇದ್ದದ್ದನ್ನು ಕಂಡುಹಿಡಿದು ಒಂದನ್ನು ತಿರಸ್ಕರಿಸಿದರು. ಇನ್ನೊಂದರಲ್ಲಿ ಮೆಟ್ಟಿಲಿಗೆ ಹಿಡಿಕೆ ಇರಲಿಲ್ಲ.

"ಅಲ್ಲ ಹುಡುಗಿ, ಎಲ್ಲಾ ಚಿತ್ರದಾಗೂ ಎರಡೆರಡು ಕುರ್ಚಿ ಹಾಕ್ಯಾರಲ್ಲ, ಒಬ್ರs ಬರೋರು ಎಲ್ಲಿ ಕುಂದರಬೇಕು?"

ಕಡೆಗೆ ಒಂದು ಸಿಕ್ಕಿತು. ಮರಳಿನ ಮೇಲೆ ಒಂದೇ ಒಂದು ಬೆತ್ತದ ಕುರ್ಚಿ. ಅಕ್ಕಾರು ಕಾರ್ಖಾನೆಯ ನಮೂನೆಯಲ್ಲೇ ಗೆರೆ ಹೊಡೆದು ಏಳು ಪ್ರಶ್ನೆಗಳ ಹಾಳೆ ಮಾಡಿದರು, ಮಾತಾಡಿದ ಹಾಗೆಯೇ ಬರೆದು. ಒಬ್ಬಾಕಿ ಹೆಣ್ಮಗಳಿಗೆ ರೂಮ್ ಕೊಡತಾರೋ? ಬಾಗಲಕ್ಕ ಒಳಗಿನಿಂದ ಚಿಲಕ ಐತೋ? ಊಟಕ್ಕ ಕುಂತ್ರ ಉಳದವ್ರು ಯಾವಾಗ ಬರತಾರ ಅಂತ ಕೇಳತಾರೋ? ಹೀಗೆ ಸಾಗಿ ಏಳನೆಯದು: ಕುರ್ಚಿಮ್ಯಾಲ ಕುಂತ್ರ ಸಮುದ್ರ ಪೂರಾ ಕಾಣತದೋ, ಅರ್ಧೋ? ಕೆಳಗೆ ಅವೇ ಎರಡು ಖಾನೆ.

"ನೀ ಫೋನ್ ಮಾಡಿ ಕೇಳು. ನನಗ ಹಿಂದಿ ಸುದ್ದ ಬರೂದಿಲ್ಲ. ನೀ ಹೂಂ ಅಂದ್ರ ಹೊಂಟs ಬಿಡತೀನಿ."

ಆ ವಾರವೇ ಅವರ ತಮ್ಮ ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು. "ಈ ವಯಸ್ಸಿನ್ಯಾಗ ಒಬ್ಬಾಕೀನ ಹೋಗತೀನಿ ಅಂತಾಳ್ರಿ. ಮಂದಿ ನಮಗ ಏನಂದಾರು? ನಿಮ್ಮ ಮಾತು ಕೇಳತಾಳ, ನೀವs ಹ್ಯಾಂಗರ ಮಾಡಿ ಬಿಡಸ್ರಿ" ಎಂದರು.

ತಮ್ಮ ಹೇಳಿದರೆಂದು ಮಾಡಿದೆ ಎಂದರೆ ಅರ್ಧ ಸತ್ಯ. ಉಳಿದರ್ಧ ಹೊಟ್ಟೆಕಿಚ್ಚು. ಗಂಡ, ಅತ್ತೆ, ಮಕ್ಕಳ ಪರೀಕ್ಷೆ, ಬೆಳಿಗ್ಗೆ ನಾಲ್ಕು ಡಬ್ಬಿ; ಒಬ್ಬಳೇ ಕೋಠಿಗೆ ಹೋಗಿ ಬರಲೂ ನಾನು ಮನೆಯಲ್ಲಿ ಹತ್ತು ಕಾರಣ ಹೇಳಬೇಕಿತ್ತು. ಇವರು ಒಬ್ಬರೇ ಕಡಲ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು! ಆ ಕುರ್ಚಿ ನನ್ನ ಕಣ್ಣು ಕುಕ್ಕಿತು.

ಫೋನ್ ಮಾಡಲಿಲ್ಲ. ಹಾಳೆಯ ಮೇಲೆ ಅಡ್ಡಲಾಗಿ "ಒಬ್ಬರಿಗೆ ರೂಮ್ ಇಲ್ಲ" ಎಂದು ಬರೆದೆ. ನೋಡಿದವರು ಎಂಬ ಖಾನೆಯಲ್ಲಿ ಸಹಿಯನ್ನೂ ಹಾಕಿದೆ.

"ಕೊಡೂದಿಲ್ಲಂತ್ರಿ ಅಕ್ಕಾರ. ಜೋಡಿ ಇದ್ರ ಅಷ್ಟs ಅಂತ."

ಅಕ್ಕಾರು ಹಾಳೆ ಇಸಿದುಕೊಂಡರು. ಎಡಗಣ್ಣು ಮುಚ್ಚಿ ನನ್ನ ಸಹಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಆತು ಬಿಡು," ಎಂದರು. "ಚಾ ಕುಡಿತೀಯೇನು?" ನಾನು ಕುಡಿದೆ. ಸಕ್ಕರೆ ಕಡಿಮೆಯಾಗಿದೆ ಎಂದು ಇನ್ನೊಂದು ಚಮಚ ಹಾಕಿಸಿಕೊಂಡೂ ಕುಡಿದೆ.

ಆ ಚಳಿಗಾಲ ಅವರು ತಮ್ಮನ ಸಂಸಾರದ ಜೊತೆ ಪುರಿಗೆ ಹೋದರು. ತಮ್ಮನ ಸೊಸೆ ಫೋಟೊ ಕಳಿಸಿದ್ದಳು. ಮುಂದೆ ಮರಳಿನ ಮೇಲೆ ಅಕ್ಕಾರು, ಹಿಂದೆ ಸಮುದ್ರ. ಅವರ ಸುತ್ತ ಆರು ಜೊತೆ ಚಪ್ಪಲಿ. ಆ ಫೋಟೊಗೆ ನಾನು "ಭಾಳ ಛಂದ ಬಂದೈತಿ" ಎಂದು ಉತ್ತರ ಬರೆದೆ.

ಆಮೇಲೆ ಎರಡು ವರ್ಷ ನಾನು ಹೋದಾಗಲೆಲ್ಲ ಅಕ್ಕಾರು ಮೊದಲಿನ ಹಾಗೆಯೇ ಇದ್ದರು. ಅಂಡಮಾನಿನ ಹೆಸರೆತ್ತಲಿಲ್ಲ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಮಕ್ಕಳ ಮಾರ್ಕ್ಸಿನ ಸುದ್ದಿ ಹೇಳಿ ಬಂದಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಂದು ಮುಂಜಾನೆ ಚಹಾ ಕುಡಿದು ಲೋಟ ಕೆಳಗಿಟ್ಟವರು ಹಾಗೆಯೇ ಗೋಡೆಗೆ ಒರಗಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ತಮ್ಮ ನನಗೆ ಅವರ ಭೂತಗನ್ನಡಿ ಮತ್ತು ಒಂದು ಪ್ಲಾಸ್ಟಿಕ್ ಫೈಲು ಕೊಟ್ಟರು. "ನಿಮ್ಮ ಹೆಸರು ಬರೆದಿಟ್ಟಿದ್ಲು" ಎಂದರು. ಬಸ್ಸಿನಲ್ಲಿ ಕೂತು ತೆರೆದೆ. ಅದೇ ಹಾಳೆ. ಅಡ್ಡಲಾಗಿ ನನ್ನ ಬರಹ, ನನ್ನ ಸಹಿ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೊಂದೇ ಪ್ರಶ್ನೆಗೆ ಅಕ್ಕಾರ ಸಣ್ಣಕ್ಷರದ ಉತ್ತರ. ರೂಮ್: ಕೊಡತಾರ, ಒಬ್ರs ಬರೋರು ಭಾಳ ಮಂದಿ ಅದಾರಂತ. ಚಿಲಕ: ಐತಿ. ಊಟಕ್ಕ: ಏನೂ ಕೇಳೂದಿಲ್ಲಂತ, ಫೋನಿನ್ಯಾಗಿನ ಹುಡುಗಿ ನಕ್ಕಳು.

ಆ ಬಾರದ ಹಿಂದಿಯಲ್ಲಿ ಅವರೇ ಫೋನ್ ಮಾಡಿ ಕೇಳಿದ್ದರು. ತಾರೀಖು, ನನಗೆ ಚಹಾ ಕುಡಿಸಿದ ದಿನದ ಮರುದಿನದ್ದು.

ಏಳನೆಯ ಪ್ರಶ್ನೆಗೆ ಮಾತ್ರ "ನೋಡಿದ ಮ್ಯಾಲ" ಎಂದಿತ್ತು. ಕುರ್ಚಿಯ ಮೇಲೆ ಕೂರದೆ ಅದಕ್ಕೆ ಉತ್ತರ ಬರೆಯುವವರಲ್ಲ ಅವರು. ಎಲ್ಲಕ್ಕೂ ಕೆಳಗೆ ಒಂದು ಸಾಲು: "ಹುಡುಗಿ ನೋಡದ ಸಹಿ ಹಾಕ್ಯಾಳ. ಯಾರಿಗೂ ಹೇಳೂದು ಬ್ಯಾಡ." ಮರು ನೋಡಿದವರು ಎಂಬ ಖಾನೆ ಖಾಲಿ.

ಹೊರಟುಬಿಡಬಹುದಿತ್ತು ಅವರು. ಹೊರಟಿದ್ದರೆ ನನ್ನ ಸುಳ್ಳು ಅವರ ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಬಿಟ್ಟರೋ, ನಾನೇ ಹೀಗೆ ಮಾಡಿದೆನಲ್ಲ ಎಂದು ಮನಸ್ಸು ಮುರಿದು ಬಿಟ್ಟರೋ, ಕೇಳಲು ಅವರಿಲ್ಲ. ಬಸ್ಸು ಕುಷಾಯಿಗೂಡದಲ್ಲಿ ನಿಂತು ಮುಂದೆ ಹೋಯಿತು. ನಾನು ಇಳಿಯುವುದನ್ನೇ ಮರೆತಿದ್ದೆ.

ತಪ್ಪು ಬರೆದ ಹಾಳೆಯನ್ನು ನಮ್ಮಲ್ಲಿ ಹರಿಯುವಂತಿಲ್ಲ. ತಪ್ಪಿನ ಮೇಲೆ ಗೀಟೆಳೆದು, ಮತ್ತೆ ನೋಡಿ, ಪಕ್ಕದಲ್ಲಿ ಸಹಿ ಹಾಕಬೇಕು. ಮುಂದಿನ ತಿಂಗಳಿಗೆ ಅದೇ ರಿಸಾರ್ಟಿನಲ್ಲಿ ರೂಮ್ ಹಿಡಿದಿದ್ದೇನೆ. ಫೋನ್ ಮಾಡಿ ಕೇಳಲು ನನಗೆ ನಾಲ್ಕು ನಿಮಿಷ ಸಾಕಾಯಿತು. "ಒಬ್ಬಾಕೀನ?" ಎಂದರು ಗಂಡ. "ಹೌದ್ರಿ, ಒಬ್ಬಾಕೀನ. ಒಂದು ತಪಾಸಣಿ ಬಾಕಿ ಐತಿ" ಎಂದೆ.

ಆ ಕುರ್ಚಿಯ ಮೇಲೆ ಕೂತು, ಸಮುದ್ರ ಪೂರಾ ಕಾಣುತ್ತದೋ ಅರ್ಧವೋ ನೋಡಿ, ಏಳನೆಯದನ್ನು ತುಂಬುತ್ತೇನೆ. ನೋಡಿಯೇ ಸಹಿ ಹಾಕುತ್ತೇನೆ. ಪಕ್ಕದ ಖಾನೆಯಲ್ಲಿ ಹಾಕುವವರು ಯಾರೂ ಇಲ್ಲ.