ಸುಂದರಾಬಾಯಿಯ ಎರಡು ಕೊರಿಯಾಗಳು

ಕೆಳಗಿನ ಮನೆಯಿಂದ ಹೆಂಗಸಿನ ಗೋಳಾಟ ಕೇಳಿದ್ದೇ ತಡ, ಹನುಮಂತರಾಯ ರಾಯಚೂರಿನಲ್ಲಿ ಹಾಸಿಗೆ ಹಿಡಿದಿದ್ದ ದೊಡ್ಡಪ್ಪನನ್ನು ಮನಸ್ಸಿನಲ್ಲೇ ಸ್ವರ್ಗಕ್ಕೆ ಕಳಿಸಿಬಿಟ್ಟ. ಕೆಳಗಿದ್ದವರು ಅವನ ಚಿಕ್ಕಪ್ಪನ ಹೆಂಡತಿ, ಸುಂದರಾಬಾಯಿ ಕಾಕು. ಊರಿನ ಸುದ್ದಿ ಮೊದಲು ಬರುವುದು ಅವರಿಗೇ. ದಾಯಾದಿ ಸತ್ತ ಸುದ್ದಿ ಕಿವಿಗೆ ಬಿದ್ದರೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು. ತಡೆಯಲು ಹೆಂಡತಿಯೂ ಮನೆಯಲ್ಲಿರಲಿಲ್ಲ, ದಿಲ್‌ಸುಖ್‌ನಗರಕ್ಕೆ ಹೋಗಿದ್ದಳು. ಆಂಧ್ರದ ಸೆಕ್ರೆಟೇರಿಯಟ್‌ನಲ್ಲಿ ನಾಲ್ಕು ಮಂದಿಯ ಮೇಲಧಿಕಾರಿಯಾದ ಅವನು ಒಂದು ಬಕೆಟ್ ತಣ್ಣೀರು ಸುರಿದುಕೊಂಡು, ಮೆಟ್ಟಿಲುದ್ದಕ್ಕೂ ಪ್ಯಾಂಟಿನಿಂದ ನೀರು ತೊಟ್ಟಿಕ್ಕಿಸುತ್ತ, ಮುಖವನ್ನು ಆದಷ್ಟು ಬಾಡಿಸಿಕೊಂಡು ಹೋಗಿ ಬಾಗಿಲು ಬಡಿದ.

ಕಾಕು ಅವಲಕ್ಕಿ ತಟ್ಟೆ ಹಿಡಿದುಕೊಂಡೇ ಬಾಗಿಲು ತೆಗೆದರು. ಹಿಂದೆ ಟಿವಿಯಲ್ಲಿ ಕೊರಿಯಾದ ಹೆಂಗಸೊಬ್ಬಳು ಹಿಮದಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದಳು.

“ದೊಡ್ಡಪ್ಪ...” ಅಂದ ಹನುಮಂತರಾಯ.

“ಮುಂಜಾನೆ ಫೋನ್ ಬಂದಿತ್ತು. ಎರಡು ಚಪಾತಿ ತಿಂದಾರಂತ.”

ಕಾಕು ನಗಲಿಲ್ಲ, ಅದೇ ಕಷ್ಟ. ಒಳಗೆ ಹೋಗಿ ಕಾಕಾನ ಪಂಚೆ ತಂದುಕೊಟ್ಟರು. ಕಾಕಾ ಹೋಗಿ ಎಷ್ಟೋ ವರ್ಷವಾಗಿದ್ದರೂ ಪಂಚೆಯ ಇಸ್ತ್ರಿ ಹೊಸದಾಗಿತ್ತು.

ಸಿಕಂದರಾಬಾದಿನ ಟೆಲಿಫೋನ್ ಆಫೀಸಿನಲ್ಲಿ ಊರೂರಿನವರಿಗೆ ಟ್ರಂಕ್‌ಕಾಲ್ ಕೂಡಿಸಿಕೊಟ್ಟು ನಿವೃತ್ತರಾದವರು ಕಾಕು. ಕೂಕಟ್‌ಪಲ್ಲಿಯ ಈ ಫ್ಲ್ಯಾಟಿನಲ್ಲಿ ಈಗ ಮಾತಾಡುವುದು ಟಿವಿ ಮಾತ್ರ, ಅದೂ ಕೊರಿಯಾದ ಭಾಷೆಯಲ್ಲಿ. ಕೋಠಿ ಬಜಾರಿನಿಂದ ತರಿಸಿದ ಎರಡು ಧಾರಾವಾಹಿಗಳ ಡಿವಿಡಿ ತೋರಿಸಿ, ಎರಡರದೂ ಒಂದೇ ಕಥೆ ಅಂದರು. ಹಡಗು ಹತ್ತಿ ಹೋದ ಗಂಡ ತಿರುಗಿ ಬರುವುದಿಲ್ಲ, ಹೆಂಡತಿ ಕಾಯುತ್ತಾಳೆ. ಒಂದರಲ್ಲಿ ದಿನಾ ಗಂಡನ ತಟ್ಟೆಗೂ ಅನ್ನ ಬಡಿಸಿ ಎದುರಿಗೆ ಕೂತು ಅಳುತ್ತಾಳೆ. ಇನ್ನೊಂದರಲ್ಲೂ ಬಡಿಸುತ್ತಾಳೆ, ಆದರೆ ಪಕ್ಕದ ಮನೆಯವನು ಬಂದು ಅದನ್ನು ತಿಂದು ಹೋಗುತ್ತಾನೆ. ಮುಂದೆಲ್ಲ ಬರೀ ನಗು.

ಆ ನಗು ಹನುಮಂತರಾಯನಿಗೆ ಗೊತ್ತಿತ್ತು. ಹೋದ ತಿಂಗಳೆಲ್ಲ ಅದು ನೆಲ ತೂರಿಕೊಂಡು ಮೇಲೆ ಬರುತ್ತಿತ್ತು. ಕಾಕು ಆರಾಮಾಗಿದ್ದಾರೆ, ಈ ವಾರ ಹೋಗದಿದ್ದರೂ ನಡೆದೀತು ಎಂದು ಅವನು ಪೇಪರ್ ಮಡಚಿ ಮಲಗುತ್ತಿದ್ದ. ಹಾಗೆಯೇ ಎಲ್ಲ ವಾರಗಳೂ ನಡೆದುಹೋಗಿದ್ದವು.

ಕೇಳದೆಯೇ ಅವನ ಮುಂದೆ ಒಂದು ತಟ್ಟೆ ಅವಲಕ್ಕಿ ಬಂತು. ಮೊಣಕಾಲಿಗೇ ನಿಂತ ಪಂಚೆಯನ್ನು ಕೆಳಗೆ ಜಗ್ಗಿಕೊಳ್ಳುತ್ತ ತಿಂದ. ತಟ್ಟೆ ಬರಿದಾಗುವ ಮೊದಲೇ ಕಾಕು ಮತ್ತೊಂದು ಸೌಟು ಹಾಕಿದರು.

“ಎರಡರಾಗ ನಿಮಗ ಯಾವುದು ಸೇರ್ತದ, ಕಾಕು?”

“ನಗೂದು.”

“ಮತ್ತ ಅಳೂದನ್ನ ಇಷ್ಟು ಜೋರಾಗಿ ಯಾಕ ಹಚ್ಚೀರಿ?”

ಕಾಕು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ನಗೂದು ಒಂದು ತಿಂಗಳು ಹಚ್ಚಿ ನೋಡಿದೆ, ಹಣಮಂತಾ. ಯಾರೂ ಬರ್ಲಿಲ್ಲ.”