ಖಾಲಿಯಾಗಿ ತೆರೆದ ಸಹಾಯದ ಪುಟ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸಹಾಯದ ಪುಟಗಳನ್ನು ಡಿಸ್ಕಿನಿಂದ ಹೊರಗೆ ಹಾಕಿದವನು ನಾನೇ. ಅದೂ ನಗಾಡಿಕೊಂಡು.

ಹೊಟ್ಟೆಪಾಡು ಉಪ್ಪಲ್‌ನ ಆಫೀಸಿನಲ್ಲಿ. ರಜೆಯ ದಿನ ಒಂದು ಲಿನಕ್ಸ್ ತಂಡಕ್ಕೆ ಪ್ಯಾಕೇಜ್ ಕಟ್ಟುತ್ತೇನೆ. ಅಂದರೆ, ಯಾರೋ ಬರೆದು ಹಂಚಿದ ತಂತ್ರಾಂಶ ಯಾರ ಕಂಪ್ಯೂಟರಿನಲ್ಲಾದರೂ ತಕರಾರಿಲ್ಲದೆ ಕೂರುವಂತೆ ಮಾಡುವುದು. ಸಂಬಳವಿಲ್ಲ, ಗತ್ತಿಗೇನೂ ಕಮ್ಮಿಯಿಲ್ಲ.

ನನ್ನ ಪಾಲಿಗೆ ಬಂದದ್ದು ಪಟ್ಟಿಗಳನ್ನು ಮಾಡುವ ಒಂದು ತಂತ್ರಾಂಶ. ಅದರ ಕನ್ನಡ ಸಹಾಯದ ಪುಟಗಳನ್ನೆಲ್ಲ ಬರೆದವರು, ಕಾಚಿಗೂಡದಲ್ಲಿ ಯಾದಗಿರಿ ಕಡೆಯಿಂದ ದುಡಿಯಲು ಬಂದ ಕೂಲಿ ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಮೇಡಂ. ‘ಮೊದಲು ಸಾಲನ್ನು ಆರಿಸಿಕೊಳ್ಳಿರಿ. ಅವಸರ ಬೇಡ’ ಎಂದೆಲ್ಲ ಬರೆದಿದ್ದರು. ಮೀಟಿಂಗಿನಲ್ಲಿ ಅದನ್ನು ಅವರದೇ ದನಿಯಲ್ಲಿ ಓದಿದೆ. ತಂಡ ಬಿದ್ದು ಬಿದ್ದು ನಕ್ಕಿತು. ತಂತ್ರಾಂಶ ತುಂಬಿ ನಾವು ಹಂಚುವ ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲ. “ಇದನ್ನೆಲ್ಲ ಯಾರು ಓದ್ತಾರೆ?” ಎಂದು ಆ ಪುಟಗಳನ್ನೇ ಬೇರೆ ಪ್ಯಾಕೇಜ್ ಮಾಡಿದೆ; ಬೇಕಾದವರು ನೆಟ್‌ನಿಂದ ಇಳಿಸಿಕೊಳ್ಳಲಿ. ನನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿದೆ, ಸಹಾಯ ತೆರೆಯಿತು. ಹಳೆಯ ಪುಟಗಳು ಅಲ್ಲೇ ಉಳಿದುಕೊಂಡಿದ್ದವೆಂದು ಈ ಮಹಾ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಮೇಡಂ ಕ್ಲಾಸಿನಲ್ಲಿ ನೆಟ್ ಇಲ್ಲ. ಹೊಸ ಡಿಸ್ಕು ಹಾಕಿದ ವಾರವೇ ಫೋನ್ ಬಂತು.

“ಏನಪಾ, ಸಹಾಯ ಒತ್ತಿದ್ರ ಖಾಲಿ ಬರಾಕತ್ತೈತಲ್ಲ?”

“ನನ್ನ ಕಂಪ್ಯೂಟರಲ್ಲಿ ಬರ್ತಿದೆಯಲ್ಲಾ ಮೇಡಂ.”

“ಪರೀಕ್ಷೆ ನಿನ್ನ ಕಂಪ್ಯೂಟರಿಗಿತ್ತೇನು?”

ಆಮೇಲೆ ವಿಷಯ ಹೇಳಿದರು. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯವರು ಸರಕಿನ ಪಟ್ಟಿ ಮಾಡಲು ಒಬ್ಬರನ್ನು ಹುಡುಕುತ್ತಾ ಕ್ಲಾಸಿಗೇ ಬಂದಿದ್ದರಂತೆ. ಸಿಮೆಂಟು ಹೊರುತ್ತಿದ್ದ ಒಬ್ಬಾಕೆ ಪರೀಕ್ಷೆಗೆ ಕೂತಳು. ಮರೆತರೆ ಸಹಾಯ ನೋಡಬಹುದು ಎಂದು ಅಂಗಡಿಯವರೇ ಹೇಳಿದ್ದರು. ಅವಳು ಮರೆತಳು, ಒತ್ತಿದಳು. ಬಿಳಿ ಪುಟ. ಇನ್ನೊಮ್ಮೆ ಒತ್ತಿದಳು. ಎದ್ದು ಹೋದಳು. ಕೆಲಸ ಬೇರೆಯವರಿಗೆ ಸಿಕ್ಕಿತು.

ಕೇಳಿ ನನಗೆ ಏನೂ ಅನ್ನಿಸಲಿಲ್ಲ. ಚಹಾ ಆರಿತ್ತು, ಕುಡಿದೆ. ಎರಡೂ ಪ್ಯಾಕೇಜ್ ಮತ್ತೆ ಒಂದು ಮಾಡಿದೆ. ಮಾಡುವಾಗಲೂ ಏನೂ ಅನ್ನಿಸಲಿಲ್ಲ.

ಭಾನುವಾರ ಪೆನ್‌ಡ್ರೈವ್ ಹಿಡಿದು ಕಾಚಿಗೂಡಕ್ಕೆ ಹೋದೆ. ಆಕೆಯೂ ಅಲ್ಲಿದ್ದಳು, ಕ್ಲಾಸು ಬಿಡುವುದಾಗಿ ಹೇಳಿ, ಸೇರುವಾಗ ಕೊಟ್ಟಿದ್ದ ಫೋಟೋ, ಆಧಾರ್ ಜೆರಾಕ್ಸ್ ವಾಪಸ್ ಕೇಳಲು. ಮೇಡಂ ನನ್ನ ಮುಖ ನೋಡದೆ ನನ್ನತ್ತ ಕೈ ತೋರಿಸಿದರು: “ಇವನ ನೋಡವಾ, ಆ ಪುಟ ತಗದಾಂವ.”

ನಾನು ಗುಂಡಿ ಒತ್ತಿ ತೋರಿಸಿದೆ. ಪುಟ ತುಂಬಿ ಬಂತು. “ಈಗ ಸರಿ ಹೋಗಿದೆ ಅಕ್ಕಾ. ಇನ್ನೊಂದು ಅಂಗಡಿ ಬಂದೇ ಬರತ್ತೆ. ಸಿಮೆಂಟು ಹೊರೋ ಕಡೆ ಮೇಸ್ತ್ರಿ ಬೈಗುಳ ಯಾಕೆ ನಿಮಗೆ?” ಎಂದೆ. ಎಲ್ಲಿಂದ ಬಂತೋ ಆ ಉಪದೇಶ.

ಆಕೆ ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮೇಸ್ತ್ರಿ ಬೈತಾನ್ರಿ ಸರ, ಖರೆ. ಆದ್ರ ಕೇಳಿದ್ದಕ್ಕ ಹೇಳ್ತಾನ.”