ನಲ್ಲಿಮೂಳೆಯ ಪಾಲು

ಗಂಗಾಳಕ್ಕೆ ಬಿದ್ದ ನಲ್ಲಿಮೂಳೆಯನ್ನು ಅಂಚಿಗೆ ಟಕಟಕನೆ ಕುಟ್ಟಿ, ತುಟಿಗಿಟ್ಟು, ಒಳಗಿನ ಮಜ್ಜೆಯನ್ನು ಒಂದೇ ಉಸಿರಿಗೆ ಹೀರುವ ಸುಖ ಬಲ್ಲ ಗೆಳೆಯರೇ, ನಿಮ್ಮ ಹಾಗೆ ನಾನೂ ಬಹುಕಾಲ ಮಜ್ಜೆಯೆಂಬುದು ಕಾಲಿನ ಮೂಳೆಯೊಂದರದೇ ಸ್ವತ್ತು ಎಂದು ನಂಬಿದ್ದೆ. ಮೊಳಕಾಲ್ಮೂರಿನ ನೇಕಾರನಲ್ಲವೇ, ಮೂಳೆ ನನಗೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯಂತೆಯೂ ಮಜ್ಜೆ ಅದರೊಳಗೆ ಕೂತ ಕಂಡಿಕೆಗೆ ಸುತ್ತಿದ ನೂಲಿನಂತೆಯೂ ಕಂಡಿತ್ತು. ನೂಲು ತೀರಿದರೆ ಲಾಳಿ ಬರಿದು. ಮತ್ತೆ ಯಾರಾದರೂ ಸುತ್ತಿಕೊಡಬೇಕು. ಈ ಅತಿಜಾಣತನವೇ ನನ್ನನ್ನು ಕೆಡಿಸಿತು.

ಪ್ಲೇಗು ಬಂದು ಹೋದ ಮಾರನೆಯ ವರುಷ, ಜಟಿಂಗ ರಾಮೇಶ್ವರದ ಬೆಟ್ಟ ಇಳಿಯುವಾಗ ಜಾರಿ ಬಿದ್ದು ನನ್ನ ಬಲಗಾಲು ಮುರಿಯಿತು. ಮೂಳೆ ಚರ್ಮ ಸೀಳಿ ಹೊರಬಂದಿತ್ತು; ಹರಿದ ರಕ್ತದ ಮೇಲೆ ಎಣ್ಣೆಯಂಥ ಜಿಡ್ಡು ತೇಲಿದ್ದನ್ನು ಕಣ್ಣಾರೆ ಕಂಡೆ. ಆಸ್ಪತ್ರೆಯೆಂದರೆ ಎತ್ತಿನಗಾಡಿಯಲ್ಲಿ ಎರಡು ದಿನದ ದಾರಿ. ಚಳ್ಳಕೆರೆ ಕಡೆಯಿಂದ ಮೂಳೆ ಕಟ್ಟುವ ಈರಜ್ಜ ಬಂದು ಬಿದಿರು ದಬ್ಬೆ ಕಟ್ಟಿದ. ಎರಡು ತಿಂಗಳ ಮೇಲೆ ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಕಾಲು ಮಾತ್ರ ಜೋಳದ ದಂಟಾಗಿತ್ತು. ಮಜ್ಜೆಯೆಲ್ಲ ಸೋರಿಹೋಗಿದೆ, ಇನ್ನು ಈ ಕಾಲು ಮಗ್ಗದ ಹಲಗೆ ತುಳಿಯದು ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. ಮಗ್ಗವನ್ನೇ ಚಿಕ್ಕಪ್ಪನ ಮಗನಿಗೆ ಒಪ್ಪಿಸಿಬಿಡು ಎಂದು ಅವ್ವನಿಗೆ ಹೇಳಿ ಗೋಡೆಗೆ ಮುಖಮಾಡಿ ಅತ್ತೆ. ಅವಳು ನೂಲು ಸುತ್ತುವ ರಾಟೆಯನ್ನು ನಿಲ್ಲಿಸಲಿಲ್ಲ.

ಮುಂದಿನ ವಾರ ಈರಜ್ಜ ಸಾರಿಗೆಂದು ಸಂತೆಯಿಂದ ಕುರಿಯ ಎಲುಬು ಕಟ್ಟಿಕೊಂಡು ಬಂದ. ನನ್ನ ಸೋರಿಹೋದ ಮಜ್ಜೆಯ ಕಥೆ ಕೇಳಿ ನಕ್ಕು, ಹಸಿ ಬೆನ್ನೆಲುಬು, ಪಕ್ಕೆಲುಬು, ಸೊಂಟದೆಲುಬುಗಳನ್ನು ಮಚ್ಚಿನಿಂದ ಸೀಳಿ ಎದುರಿಗಿಟ್ಟ. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಮನೆಗಳು, ಎಲ್ಲದರಲ್ಲೂ ಕೆಂಪು.

“ಲೇ, ಕಾಲಿನಾಗೆ ನೀನು ಹೀರೋದು ಬರೀ ಹಳದಿ ಕೊಬ್ಬು. ಕೆಂಪು ಮಜ್ಜೆ ಎಲ್ಲೈತೆ ನೋಡು! ಬೆನ್ನಾಗೈತೆ, ಎದೆಗೂಡಿನಾಗೈತೆ, ನೀನು ಊರಿ ಕುಂದ್ರೋ ಸೊಂಟದಾಗೈತೆ. ಮಗ್ಗದ ಕಂಡಿಕೆ ನಿಮ್ಮವ್ವ ಸುತ್ಬೇಕು, ಮೈಯಾಗಿಂದು ತಂತಾನೇ ಸುತ್ಕಂತೈತೆ. ನಾಳಿಂದ ಮಗ್ಗಕ್ಕೆ ಇಳಿ.”

ಆಗ ಅವ್ವ ರಾಟೆಯ ಬದಿಯ ಬುಟ್ಟಿಯನ್ನು ನನ್ನತ್ತ ನೂಕಿದಳು. ಅದರ ತುಂಬ ಸುತ್ತಿದ ಕಂಡಿಕೆಗಳು. “ಎರಡು ತಿಂಗಳಿಂದ ಸುತ್ತಿಟ್ಟೀನಿ ನಾಯನಾ,” ಎಂದಳು. ನನಗೆ ನಾಚಿಕೆಯಾಯಿತು.

ಮರುದಿನ ಮಗ್ಗದ ಗುಂಡಿಗೆ ಇಳಿದೆ. ಮೊದಲ ತುಳಿತಕ್ಕೇ ಕಣ್ಣಲ್ಲಿ ನೀರು ಬಂತು. ಹಲ್ಲುಕಚ್ಚಿ ಇನ್ನೊಮ್ಮೆ ತುಳಿದೆ. ಸಂಜೆಯ ಹೊತ್ತಿಗೆ ನೇಯ್ದದ್ದು ಒಂದು ಗೇಣು. ಹಾಗೆ ಗೇಣು ಗೇಣಾಗಿಯೇ ಆ ಸೀರೆ ಮುಗಿಯಿತು, ಅದರ ಬೆನ್ನಿಗೆ ಲೆಕ್ಕವಿಲ್ಲದಷ್ಟು ಸೀರೆಗಳು.

ಈಗ ಗಂಗಾಳಕ್ಕೆ ನಲ್ಲಿಮೂಳೆ ಬಿದ್ದರೆ ಮೊಮ್ಮಗಳ ಪಾಲಿಗೆ ಹಾಕಿ, ಬೆನ್ನೆಲುಬಿನ ತುಂಡನ್ನು ಕೇಳಿ ಹಾಕಿಸಿಕೊಳ್ಳುತ್ತೇನೆ. ಅದನ್ನು ಹೀರಲಾಗದು ಗೆಳೆಯರೇ, ಕಡಿದೇ ತಿನ್ನಬೇಕು. ನನಗಿನ್ನೂ ಆರು ಹಲ್ಲುಗಳಿವೆ.